ಕಬ್ಬಿನ ಲೆಕ್ಕ ನಿಮ್ಮ ಕೈಯಾಗ ಇರಲಿ

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಜತ್ತ ತಾಲೂಕಿನ ಮಂದಿಗೆ ಮಳಿ ವಿಷಯ ನಾನು ಹೇಳಬೇಕಾಗಿಲ್ಲ. ಜೋಳ, ಸಜ್ಜಿ ಬಿತ್ತಿ ಮುಗಿಲು ನೋಡ್ತೀರಿ. ನೀರು ಇದ್ದವರು ದಾಳಿಂಬೆ, ದ್ರಾಕ್ಷಿ ಹಚ್ಯಾರ. ನಮ್ಮ ಮಾಡಗ್ಯಾಳ ಕುರಿ ದೂರದ ತನಕ ಹೆಸರು ಮಾಡೈತಿ. ನೀರೂ ಇಲ್ಲ, ಕುರಿಯೂ ಇಲ್ಲ ಅಂದವರು ದೀಪಾವಳಿ ಹೊತ್ತಿಗೆ ಕೊಯ್ತಾ ಹಿಡಿದು ಕಬ್ಬು ಕಡಿಯಲು ಹೋಗ್ತಾರೆ. ನಿಮ್ಮೊಳಗೂ ಅಂಥವರು ಅದೀರಿ.

ಹೋಗುವ ಮೊದಲೇ ಮುಕಾದಮ ಮುಂಗಡ ಕೊಡ್ತಾನೆ. ಅದಕ್ಕೆ ನಾವು ಉಚಲ್ ಅಂತೀವಿ. ಮಗಳ ಮದುವೆಗೋ, ಹಳೇ ಸಾಲಕ್ಕೋ ಆ ಹಣ ಅವತ್ತೇ ಹೋಗಿಬಿಡ್ತದೆ. ಆಮೇಲೆ ಅದು ಎಷ್ಟು ತೀರಿತು, ಎಷ್ಟು ಉಳಿಯಿತು? ಮುಕಾದಮನ ವಹಿಗೆ ಮಾತ್ರ ಗೊತ್ತು.

ಇವತ್ತು ಆ ಲೆಕ್ಕ ನಾವೇ ಮಾಡೋಣ. ಪಾಟಿ ತಗೀರಿ.

2024ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವ ಕೂಲಿ ಟನ್ನಿಗೆ 366 ರೂಪಾಯಿ ಅಂತ ಗೊತ್ತು ಮಾಡಿದರು. ಅದಕ್ಕಿಂತ ಮೊದಲು ಇದಕ್ಕೂ ಕಡಿಮೆ ಇತ್ತು. ಗಂಡ ಹೆಂಡತಿ ಕೂಡಿ ದಿನಕ್ಕೆ 2 ಟನ್ ಕಡಿದರು ಅನ್ರಿ. 366ರ ಎರಡು ಪಟ್ಟು 732 ರೂಪಾಯಿ. ಇದು ಇಬ್ಬರ ಕೂಲಿ, ಒಬ್ಬರದಲ್ಲ.

ಉಚಲ್ 1 ಲಕ್ಷ ತಗೊಂಡಿದ್ದರೆ? ಸುಮಾರು 273 ಟನ್ ಕಡಿಯಬೇಕು. ದಿನಕ್ಕೆ 2 ಟನ್ನಿನಂತೆ 137 ದಿನ. ಅಂದರೆ ನಾಲ್ಕೂವರೆ ತಿಂಗಳು, ಒಂದು ದಿನವೂ ಬಿಡುವಿಲ್ಲ. ದಿನಕ್ಕೆ ಒಂದೂವರೆ ಟನ್ನೇ ಆದರೆ 182 ದಿನ. ಹಂಗಾಮು ಮುಗೀತದೆ, ಸಾಲ ಮುಗಿಯೋದಿಲ್ಲ. ಇನ್ನೂ ಹಿಟ್ಟು, ಎಣ್ಣಿ, ಔಷಧದ ಖರ್ಚು ಹಿಡಿದೇ ಇಲ್ಲ. ಜ್ವರ ಬಂದು ಮಲಗಿದ ದಿನಕ್ಕೆ ದಂಡ ಹಾಕ್ತಾರೆ. ಅದಕ್ಕೆ ಖಾಡಾ ಅಂತಾರೆ, ನಿಮಗೆ ಗೊತ್ತೇ ಐತಿ.

ಅದಕ್ಕೇ ಒಂದು ಸಣ್ಣ ನೋಟಬುಕ್ಕು ಇಡ್ರಿ. ಕಬ್ಬಿನ ಗಾಡಿ ಕಾಟಾಕ್ಕೆ ಹೋದ ದಿನ ತೂಕದ ಚೀಟಿ ನೋಡ್ರಿ. ತಾರೀಖು, ಟನ್ನು ಬರೀರಿ. ಗ್ಯಾಂಗಿನವರು ಎಷ್ಟು ಜೋಡಿ ಅಂತಲೂ ಬರೀರಿ. ಕಿರಾಣಿಗೆ ತಗೊಂಡ ದುಡ್ಡು ಬೇರೆ ಹಾಳಿಯಲ್ಲಿ ಇರಲಿ. ಮುಕಾದಮನ ಕಮಿಷನ್ ಬೇರೆ, ನಿಮ್ಮ ಕೂಲಿ ಬೇರೆ. ಎರಡೂ ಕೂಡಿಸಿ ಹೇಳಿದರೆ ಬಿಡಿಸಿ ಕೇಳ್ರಿ. ಗಡಿ ದಾಟಿ ಕರ್ನಾಟಕದ ಕಾರ್ಖಾನೆಗೆ ಹೋಗುವವರು ಅಲ್ಲಿನ ದರ ಏನು ಅಂತ ಹೊರಡುವ ಮೊದಲೇ ಕೇಳ್ರಿ.

ಅಕ್ಕಾರೇ, ಒಂದು ಮಾತು ನಿಮಗೆ. ನಸುಕಿನ್ಯಾಗ ಎದ್ದು ರೊಟ್ಟಿ ಬಡೀತೀರಿ. ಕಡಿದ ಕಬ್ಬನ್ನು ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು ಗಾಡಿಗೆ ಏರಸ್ತೀರಿ. ಆದರೂ ಇಬ್ಬರಿಗೂ ಕೂಡಿ ಒಂದೇ ಕೊಯ್ತಾ ಅಂತಾರೆ, ವಹಿಯಲ್ಲಿ ಗಂಡನ ಹೆಸರು ಅಷ್ಟೇ. ಇದು ನನಗಂತೂ ಸರಿ ಕಾಣೋದಿಲ್ಲ. ನೋಟಬುಕ್ಕಿನ ಮೊದಲ ಹಾಳಿಯಲ್ಲಿ ಇಬ್ಬರ ಹೆಸರೂ ಬರೀರಿ.

ಮುಂಗಡ ತೀರಿಲ್ಲ ಅಂತ ಕೂಡಿಹಾಕಿ, ಹೆದರಿಸಿ ದುಡಿಸುವುದು ಅಪರಾಧ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹಾಗೆ ಹೇಳ್ತದೆ. ಅಂಥದ್ದು ಆದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಅರ್ಜಿಯ ಜೊತೆ ನಿಮ್ಮ ನೋಟಬುಕ್ಕೂ ಇದ್ದರೆ ಮಾತಿಗೆ ಬಲ ಬರ್ತದೆ.

ಈಗ ಪಾಟಿ ಮೇಲೆ ಈ ಲೆಕ್ಕ ಮಾಡ್ರಿ. ಒಂದು ಜೋಡಿ 10 ದಿನದಲ್ಲಿ 18 ಟನ್ ಕಡಿದಿದೆ. ಟನ್ನಿಗೆ 366 ರೂಪಾಯಿ. ಕಿರಾಣಿಗೆ 1,500 ರೂಪಾಯಿ ತಗೊಂಡಾರ. ಉಚಲಿಗೆ ಎಷ್ಟು ಜಮಾ ಆಗಬೇಕು?