ಗಾನಸಭೆಯ ಸದ್ದು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಗಳಲ್ಲಿ ಶ್ರಾವಣಮಾಸದ ಪುರಾಣಪ್ರವಚನವನ್ನು ಕೇಳಿದವರಿಗೆ ಗವಾಯಿಗಳ ಹಾಡು ಹೊಸದಲ್ಲ. ಶಾಸ್ತ್ರಿಗಳು ಮಾತು ನಿಲ್ಲಿಸಿದೊಡನೆ ಪೇಟಿಯ ಸ್ವರವೇಳುವದು; ತಬಲಾ ಕೂಡುವದು; ಗವಾಯಿಗಳು ವಚನವೊಂದನ್ನು ರಾಗದಲ್ಲಿ ಎತ್ತಿಕೊಳ್ಳುವರು. ಇತ್ತ ಸಭೆಯಲ್ಲಿ ಕೂಸೊಂದು ಅಳುತ್ತಿರುವದು, ತಡವಾಗಿ ಬಂದವರು ಜಾಗ ಕೇಳುತ್ತಿರುವರು, ಮುದುಕರೊಬ್ಬರು ಕೆಮ್ಮುತ್ತಿರುವರು. ಇಷ್ಟೆಲ್ಲದರ ನಡುವೆಯೂ ಹಾಡು ಕೇಳಿಸುವದು, ಮನಸ್ಸು ಕರಗುವದು. ಆದರೆ ಅದೇ ಸಭೆಯಲ್ಲಿ ಕುಳಿತವನೊಬ್ಬನು ಮೊಬೈಲಿನಲ್ಲಿ ಹಿಡಿದುಕೊಂಡು ಹೋದ ಅದೇ ಹಾಡನ್ನು ಮರುದಿನ ಮನೆಯಲ್ಲಿ ಹಚ್ಚಿದರೆ, ಗವಾಯಿಗಳು ಎಲ್ಲಿಯೋ ದೂರದ ಓಣಿಯಲ್ಲಿ ಹಾಡಿದಂತೆಯೂ, ಕೂಸು ಕಿವಿಯೊಳಗೇ ಅತ್ತಂತೆಯೂ ಆಗುವದು. ಸಭೆ ಅದೇ, ಹಾಡು ಅದೇ. ಕೇಳಿದ್ದು ಮಾತ್ರ ಬೇರೆ. ಇದಕ್ಕೆ ಕಾರಣವೇನು?

ಎರಡು ಜ್ಞಾನಗಳು ಒಮ್ಮೆಗೇ ಹುಟ್ಟಲಾರವೆಂದೂ, ಮನಸ್ಸು ಅಣುಸ್ವರೂಪವಾದುದರಿಂದಲೇ ಹೀಗಾಗುವದೆಂದೂ ತಾರ್ಕಿಕರು ಹೇಳಿರುವರು. ಗಾನದಲ್ಲಿ ನೆಟ್ಟ ಮನಸ್ಸಿಗೆ ಪಕ್ಕದವನ ಕೆಮ್ಮು ಕಿವಿಗೆ ಬಿದ್ದರೂ ಜ್ಞಾನವಾಗಿ ಪರಿಣಮಿಸದು. ಯಂತ್ರಕ್ಕೆ ಕಿವಿಯುಂಟು, ಮನಸ್ಸಿಲ್ಲ. ಬಂದುದನ್ನೆಲ್ಲ ಸಮನಾಗಿ ಸ್ವೀಕರಿಸುವದೇ ಅದರ ಧರ್ಮವು. ಇದರ ಮೇಲೆ ದೂರದ ಲೆಕ್ಕ ಬೇರೆ: ಬಯಲಿನಲ್ಲಿ ದೂರವು ಎರಡರಷ್ಟಾದರೆ ಶಬ್ದದ ತೀವ್ರತೆಯು ನಾಲ್ಕರಲ್ಲೊಂದು ಪಾಲಿಗೆ ಇಳಿಯುವದು. ಕೆಮ್ಮುವವನು ಯಂತ್ರಕ್ಕೆ ಒಂದು ಮೊಳದ ಅಂತರದಲ್ಲಿ, ಹಾಡುವವರು ಮೂವತ್ತು ಮೊಳದ ಅಂತರದಲ್ಲಿ ಇದ್ದರೆ ಗೆಲ್ಲುವದು ಯಾವುದೆಂದು ಹೇಳಬೇಕಾದುದಿಲ್ಲ.

ಧ್ವನಿಮುದ್ರಣದ ಆರಂಭಕಾಲದಲ್ಲಿ ಈ ತೊಡಕು ವಿರಳವಾಗಿದ್ದಿತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರಜಾನರು ಹಾಡಿದ್ದು ತುತ್ತೂರಿಯ ಬಾಯಿಯೆದುರಿಗೆ, ಸಭೆಯೆದುರಿಗಲ್ಲ. ಆಗಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷಗಳಷ್ಟೇ ಅವಕಾಶ. ಅಷ್ಟರೊಳಗೆ ರಾಗವು ಹುಟ್ಟಿ, ಬೆಳೆದು, ಮುಗಿಯತಕ್ಕದ್ದು. ಸಭೆಯನ್ನು ಕೂಡಿಸಿಕೊಂಡು ಮುದ್ರಿಸಿದವರು ಆ ಕಾಲದಲ್ಲಿ ಇರಲಿಲ್ಲವೆಂದಲ್ಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾದ ಗ್ರಂಥಪಾಲಕನಾಗಿದ್ದ ಲಯೊನೆಲ್ ಮೇಪಲ್‌ಸನ್ನನು 1901ರಿಂದ 1903ರ ವರೆಗೆ ಪ್ರಯೋಗ ನಡೆಯುತ್ತಿರುವಾಗಲೇ ಮೇಣದ ಕೊಳವೆಗಳ ಮೇಲೆ ಹಾಡನ್ನು ಹಿಡಿದನು. ಅವುಗಳಲ್ಲಿ ಗಾಯಕರ ಸ್ವರದೊಡನೆ ಜನರ ಚಪ್ಪಾಳೆಯೂ ಉಳಿದಿರುವದು. ಎರಡನೆಯ ಮಹಾಯುದ್ಧದ ತರುವಾಯ ಕಾಂತೀಯ ಟೇಪು ಬಳಕೆಗೆ ಬಂದಿತು. 1950ರ ಜನೇವರಿ 8ಕ್ಕೆ ಧಾರವಾಡದಲ್ಲಿ ಆಕಾಶವಾಣಿಯ ಕೇಂದ್ರವು ಆರಂಭವಾಯಿತು. 1953ರಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವವು ಮೊದಲಾಯಿತು. ವಿಲಂಬಿತ ಖಯಾಲನ್ನು ಹಾಡಿದಷ್ಟು ಹೊತ್ತೂ ಹಿಡಿದಿಡುವ ಅನುಕೂಲತೆ ಉಂಟಾಯಿತು. ಹಾಡಿನ ಬೆನ್ನಹಿಂದೆಯೇ ಸಭೆಯೂ ಒಳಗೆ ಬಂದಿತು.

ಈ ಪ್ರಾಂತದ ಇಬ್ಬರು ಮಹಾಗಾಯಕರಲ್ಲಿ ಇದರ ಪರಿಣಾಮವು ಚೆನ್ನಾಗಿ ಕಾಣುವದು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರ ಕೋಮಕಳಿಮಠರು, ಅಂದರೆ ಕುಮಾರ ಗಂಧರ್ವರು, ಎಳವೆಯಲ್ಲಿ ದೊಡ್ಡ ಗವಾಯಿಗಳ ಪ್ಲೇಟುಗಳನ್ನು ಕೇಳಿ, ಅದೇ ಹಾಡನ್ನು ಸಭೆಗಳಲ್ಲಿ ಹಾಡಿ ತೋರಿಸುತ್ತಿದ್ದರು. ಪ್ಲೇಟಿನಲ್ಲಿ ಇಲ್ಲದ ‘ವಾಹವಾ’ ಎಂಬ ಶಬ್ದವನ್ನು ಸಭೆಯು ತಾನಾಗಿ ತುಂಬಿತು. ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಜನಿಸಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿದವರು. ‘ವನ್ಸ್ ಮೋರ್’ ಎಂಬ ಕೂಗು ಕಂಪನಿ ನಾಟಕಗಳ ಅನ್ನೋದಕ. ಅವರ ಮೂರು ನಿಮಿಷಗಳ ಪ್ಲೇಟುಗಳೂ ಉಂಟು, ತರುವಾಯದ ಬೈಠಕುಗಳ ದೀರ್ಘ ಮುದ್ರಿಕೆಗಳೂ ಉಂಟು. ಬೈಠಕಿನಲ್ಲಿ ಹದಿನಾರು ಮಾತ್ರೆಗಳ ತ್ರಿತಾಲವು ಸುತ್ತಿ ಬಂದು ಸಮದಲ್ಲಿ ನಿಲ್ಲುವಾಗ ಕೇಳುವವರ ಕೊರಳಿನಿಂದ ‘ಹಾಂ’ ಎಂಬ ಉಸಿರು ತಾನಾಗಿಯೇ ಹೊರಡುವದು. ತಾಲದ ಲೆಕ್ಕವನ್ನರಿಯದವನಿಗೂ ಸಮವೆಲ್ಲಿದೆಯೆಂಬದನ್ನು ಆ ಉಸಿರೇ ತೋರಿಸಿಕೊಡುವದು. ಇದನ್ನು ಗದ್ದಲವೆನ್ನಬಹುದೇ?

ಈ ಪ್ರಶ್ನೆಗೆ ಭರತಮುನಿಯ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಬಹು ಹಿಂದೆಯೇ ಉತ್ತರ ಕೊಟ್ಟಿರುವದು. ಅಲ್ಲಿ ಪ್ರಯೋಗದ ಸಿದ್ಧಿಯನ್ನು ಮಾನುಷಿ, ದೈವಿಕಿ ಎಂದು ಎರಡಾಗಿ ವಿಂಗಡಿಸಿದೆ. ಮಾನುಷಿ ಸಿದ್ಧಿಯ ಗುರುತುಗಳೆಲ್ಲ ಪ್ರೇಕ್ಷಕರಲ್ಲಿಯೇ ತೋರತಕ್ಕವು: ಮುಗುಳುನಗೆ, ಅರೆನಗೆ, ಗಟ್ಟಿನಗೆ, ‘ಸಾಧು’ ಎಂಬ ಮೆಚ್ಚಿಕೆ, ‘ಅಹೋ’ ಎಂಬ ಬೆರಗು, ‘ಕಷ್ಟ’ ಎಂಬ ಮರುಕ, ಮೈ ಪುಲಕಿಸುವದು, ಕುಳಿತಲ್ಲಿಂದ ಏಳುವದು, ಹೊದ್ದ ವಸ್ತ್ರವನ್ನೇ ಕೊಡುವದು. ಪ್ರಯೋಗಕ್ಕೆ ಬರುವ ಘಾತಗಳನ್ನು ಬೇರೆಯಾಗಿ ಎಣಿಸಿದೆ. ಹಗೆಗಳು ಅರಚುವದು, ಸಲ್ಲದ ಕಡೆಗೆ ಚಪ್ಪಾಳೆಯಿಕ್ಕುವದು, ಸೆಗಣಿ, ಹೆಂಟೆ, ಇರುವೆಗಳನ್ನು ಎಸೆಯುವದು ಈ ಪಂಗಡದವು. ಇರುವೆಗಳನ್ನು ಹಿಡಿದು ತರುವಷ್ಟು ತಾಳ್ಮೆಯ ಹಗೆತನ ಆ ಕಾಲಕ್ಕೂ ಇದ್ದಿತೆಂಬದು ವಿನೋದವೇ ಸರಿ. ಅಂತೂ ಶಾಸ್ತ್ರದ ದೃಷ್ಟಿಯಲ್ಲಿ ಸಭೆಯ ಸದ್ದು ಒಂದೇ ಜಾತಿಯದಲ್ಲ. ಒಂದು ಪ್ರಯೋಗದ ಫಲ, ಇನ್ನೊಂದು ಪ್ರಯೋಗದ ಘಾತ.

ಸವದತ್ತಿಯ ಗುಡ್ಡದಲ್ಲಿ ಚೌಡಿಕೆಯ ಪದಕ್ಕೆ ಜನರು ‘ಉಧೋ ಉಧೋ’ ಎನ್ನುವರು. ಗೀಗೀ ಪದದಲ್ಲಿ ಹಿಮ್ಮೇಳದವರು ಸೊಲ್ಲೆತ್ತಿ ಕೊಡುವರು. ಆ ದನಿಗಳನ್ನು ಕಿತ್ತು ತೆಗೆದರೆ ಪದವೇ ಉಳಿಯಲಾರದು. ಬೈಠಕಿನ ‘ಭಲೆ’ ಎಂಬದೂ ಇದೇ ಬಳಗದ್ದು. ನಂಟು ಮಾತ್ರ ಸ್ವಲ್ಪ ದೂರದ್ದು.

ಪಾಶ್ಚಾತ್ಯರ ಪದ್ಧತಿ ಬೇರೆ. ಕೃತಿಯು ಮುಗಿಯುವ ವರೆಗೆ ಮೌನವೇ ಅಲ್ಲಿಯ ಮರ್ಯಾದೆ. ಆದುದರಿಂದ ನಡುವೆ ಬಂದ ಸದ್ದೆಲ್ಲವೂ ಘಾತವೇ. 1958ರ ಫೆಬ್ರುವರಿಯಲ್ಲಿ ಬಲ್ಗೇರಿಯದ ಸೋಫಿಯಾ ನಗರದಲ್ಲಿ ರಶಿಯದ ಸ್ವ್ಯಾತೊಸ್ಲಾವ್ ರಿಕ್ಟರನು ಪಿಯಾನೋ ನುಡಿಸಿದ ಸಭೆಯ ಮುದ್ರಿಕೆಯು ಕೆಮ್ಮಿಗೇ ಹೆಸರುವಾಸಿಯಾಗಿದೆ. ಹೀಗಿದ್ದರೂ ಬಲ್ಲವರು ಅದನ್ನು ಅವನ ಶ್ರೇಷ್ಠ ಮುದ್ರಿಕೆಗಳಲ್ಲಿ ಎಣಿಸುವರು. ಅಲ್ಲಿಯ ಮರ್ಯಾದೆಯನ್ನು ಇಲ್ಲಿಯ ಬೈಠಕಿಗೆ ಹೊರಿಸಿ, ಸದ್ದಿಲ್ಲದ ಮುದ್ರಿಕೆಯೇ ಶುದ್ಧವಾದುದೆಂದು ಭ್ರಮಿಸುವದು ತಪ್ಪು.

ಈ ವಿಚಾರವು ಈಗ ಅವಶ್ಯವಾಗಿರುವದೇಕೆಂದರೆ, ಮಠಗಳಲ್ಲಿಯೂ ಮನೆಗಳಲ್ಲಿಯೂ ಇರುವ ಹಳೆಯ ಟೇಪುಗಳು, ಕ್ಯಾಸೆಟ್ಟುಗಳು ಬೂಸು ಹಿಡಿದು ಕೆಡುತ್ತಲಿರುವವು. ಅವುಗಳನ್ನು ಗಣಕಯಂತ್ರಕ್ಕೆ ಏರಿಸುವ ಉತ್ಸಾಹಿ ತರುಣರಿಗೆ ಸದ್ದನ್ನು ತೊಳೆಯುವ ಸಾಧನಗಳು ಸುಲಭವಾಗಿ ದೊರೆಯುವವು. ಅವರ ಶ್ರಮವು ಸ್ತುತ್ಯವಾದುದು. ಆದರೆ ಟೇಪಿನ ‘ಸುಯ್’ ಎಂಬ ಸದ್ದನ್ನು ಮಿತಿಮೀರಿ ತೊಳೆದರೆ ತಂಬೂರಿಯ ಜವಾರಿಯ ಸೂಕ್ಷ್ಮನಾದವೂ ಅದರೊಡನೆ ಕೊಚ್ಚಿ ಹೋಗುವದು. ರಾಗವು ಆಗ ನೀರಿಲ್ಲದ ಕೆರೆಯ ಕಮಲದಂತೆ ಕಾಣುವದು. ಕೆಮ್ಮು, ಮೊಬೈಲಿನ ಗಂಟೆ, ಕುರ್ಚಿಯ ಕಿರುಗುಟ್ಟುವಿಕೆ ಇವುಗಳನ್ನು ಪ್ರತಿಯಲ್ಲಿ ತಗ್ಗಿಸಲು ಅಡ್ಡಿಯಿಲ್ಲ. ‘ಆಹಾ’ ಎಂದವರ ದನಿಗೆ ಕೈ ಹಚ್ಚಲಾಗದು. ಮೂಲಮುದ್ರಿಕೆಯನ್ನಂತೂ ತಿದ್ದದೆ, ಕತ್ತರಿಸದೆ ಬೇರೆಯಾಗಿ ಕಾದಿಡಲೇಬೇಕು. ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನ ತಪ್ಪನ್ನು ಕೆರೆದು ತೆಗೆಯದೆ ಪಕ್ಕದಲ್ಲಿ ಪಾಠಾಂತರ ಬರೆದಂತೆ.

ಇನ್ನು ದೈವಿಕಿ ಸಿದ್ಧಿಯ ಮಾತು ಉಳಿಯಿತು. ರಂಗವು ಜನರಿಂದ ತುಂಬಿದ್ದೂ ಸದ್ದಿಲ್ಲದೆ, ಕ್ಷೋಭೆಯಿಲ್ಲದೆ, ಉತ್ಪಾತವಿಲ್ಲದೆ ಇರುವದೇ ಆ ಸಿದ್ಧಿಯೆಂದು ಭರತಮುನಿಯು ಹೇಳಿರುವನು. ಮುಚ್ಚಿದ ಕೋಣೆಯ ಪ್ಲೇಟಿನಲ್ಲಿರುವ ನಿಶ್ಶಬ್ದವು ಇದಲ್ಲ. ಅಲ್ಲಿ ಸುಮ್ಮನಿರುವದಕ್ಕೆ ಜನರೇ ಇಲ್ಲ. ಬೈಠಕಿನ ಮುದ್ರಿಕೆಯಲ್ಲಿ ಅದು ಕೆಲವು ಸಲ ದೊರೆಯುವದು. ಗವಾಯಿಗಳು ಷಡ್ಜಕ್ಕೆ ಬಂದು ನಿಂತಿರುವರು, ತಬಲಾ ನಿಂತಿದೆ, ತಂಬೂರಿಯೊಂದೇ ಮಿಡಿಯುತ್ತಿದೆ; ಅದುವರೆಗೆ ಕೆಮ್ಮುತ್ತ, ತೂಗುತ್ತ, ‘ಭಲೆ’ ಎನ್ನುತ್ತ ಇದ್ದ ನೂರಾರು ಜನರು ಎರಡು ಮೂರು ಕ್ಷಣ ಉಸಿರು ಹಿಡಿದಿರುವರು; ಚಪ್ಪಾಳೆ ಬರುವದು ಆಮೇಲೆ. ಪ್ರತಿ ಮಾಡುವವರಲ್ಲಿ ಅನೇಕರು ಹಾಡು ಮುಗಿಯಿತೆಂದು ಸರಿಯಾಗಿ ಅಲ್ಲಿಯೇ ಕತ್ತರಿಯಾಡಿಸುವರು.