ಮುರಿದು ಸಿಕ್ಕಿಕೊಂಡ ಚಾಲನದಂಡ



ಮಂಗಳೂರಿನಿಂದ ಬಂಟ್ವಾಳಕ್ಕೆ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯ ಮೋಟಾರು ಬಸ್ಸು ಓಡಲಾರಂಭಿಸಿದುದು 1914ರಲ್ಲಿ. ಅಂದಿನಿಂದ ಈ ಸೀಮೆಯಲ್ಲಿ ಮೋಟಾರಿನ ಸೌಖ್ಯವೂ ಅದರ ಸಂಕಟವೂ ಜತೆಜತೆಯಾಗಿಯೇ ನಡೆದುಬಂದಿವೆ. ಆ ಸಂಕಟಗಳಲ್ಲಿ ಒಂದನ್ನು, ಎಂದರೆ ಗೇರುಪೆಟ್ಟಿಗೆಯೊಳಗೆ ಮುರಿದು ಸಿಕ್ಕಿಕೊಂಡ ಚಾಲನದಂಡವನ್ನು ಹೊರತೆಗೆಯುವ ಕ್ರಮವನ್ನು, ನಾವು ಇಂದು ವಿಚಾರಮಾಡೋಣ.

ಹಳೆಯ ಗಾಡಿಗಳಲ್ಲಿ ಎಂಜಿನಿನ ಬಲವು ಹಿಂದಿನ ಚಕ್ರಗಳಿಗೆ ಹೋಗುತ್ತಿದ್ದಿತು. ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಸಂಗ್ರಹಿಸಿಟ್ಟಿರುವ ಪುರಾತನ ಕಾರುಗಳನ್ನು ನೋಡಿದವರಿಗೆ ಆ ಕಾಲದ ಗಾಡಿಗಳ ಪರಿಚಯವಿದ್ದೇ ಇರುವುದು. ಬಸ್ಸು ಲಾರಿಗಳ ಭಾರವನ್ನು ಹೊರುವುದು ಸಾಮಾನ್ಯವಾಗಿ ಹೊರಗಿನ ಕೊಳವೆ. ಒಳಗಿನ ಅಚ್ಚು ಚಕ್ರವನ್ನು ತಿರುಗಿಸುವುದು ಮಾತ್ರ. ಆದಕಾರಣ ಅಚ್ಚು ತುಂಡಾದರೂ ಚಕ್ರವು ಕಳಚಿ ಬೀಳುವುದಿಲ್ಲ; ಒಳಗುಳಿದ ತುಂಡನ್ನು ತಂತಿಯ ಕುಣಿಕೆಯಿಂದಲೋ ಅಯಸ್ಕಾಂತದಿಂದಲೋ ಸೆಳೆದು ತೆಗೆಯಬಹುದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ನಡೆಯುವ ಕಾರು. ಇಂತಹ ಕಾರುಗಳಲ್ಲಿ ಗೇರುಪೆಟ್ಟಿಗೆಯಿಂದಲೇ ಎಡಬಲಗಳಿಗೆ ಎರಡು ದಂಡಗಳು ಹೊರಡುತ್ತವೆ. ಇಲ್ಲಿ ಕಾರ್ಯವು ಸೂಕ್ಷ್ಮವಾದುದು.

ದಂಡವು ಮುರಿಯುವುದೇಕೆ? ಅದರ ಕೀಲುಗಳನ್ನು ರಬ್ಬರಿನ ಚೀಲವೊಂದು ಮುಚ್ಚಿರುತ್ತದೆ. ಅದು ಹರಿದರೆ ಗ್ರೀಸು ಹೊರಕ್ಕೆ ಹೋಗಿ, ಕೆಸರುನೀರು ಒಳಕ್ಕೆ ಬರುತ್ತದೆ. ಬಂಟ್ವಾಳ, ಮೂಡುಬಿದಿರೆಗಳ ಕೆಮ್ಮಣ್ಣಿನ ದಾರಿಗಳಲ್ಲಿ ಒಂದು ಮಳೆಗಾಲ ಕಳೆಯುವುದರೊಳಗೆ ಕೀಲು ಸವೆದು, ಉಕ್ಕು ತುಕ್ಕು ಹಿಡಿಯಬಹುದು. ತಿರುವಿನಲ್ಲಿ ಕೇಳಿಸುವ ಕಟಕಟ ಶಬ್ದವೇ ಅದರ ಮುನ್ಸೂಚನೆ. ಅದನ್ನು ಉಪೇಕ್ಷಿಸತಕ್ಕದ್ದಲ್ಲ.

ಮುರಿದ ಮೇಲೆ ಎಂಜಿನು ಓಡುತ್ತದೆ, ಗೇರು ಬೀಳುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಬಲವೆಲ್ಲ ಮುರಿದ ಕಡೆಗೇ ಹರಿದು ವ್ಯರ್ಥವಾಗುವುದು. ಇದಕ್ಕಿಂತ ಭಯಂಕರವಾದ ಸಂಗತಿ ಮತ್ತೊಂದುಂಟು. ಗೇರಿನಲ್ಲಿಟ್ಟ ಕಾರು ಇಳಿಜಾರಿನಲ್ಲಿ ನಿಲ್ಲುವುದೆಂಬ ನಂಬಿಕೆ ಆಗ ಸುಳ್ಳಾಗುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹೀಗಾದರೆ ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟ ನಂತರವೇ ಜನರು ಗಾಡಿಯ ಮುಂದೆ ಹಿಂದೆ ಸುಳಿಯಬೇಕು.

ಇನ್ನು ಹೊರತೆಗೆಯುವ ಕ್ರಮ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎತ್ತಿ, ಗಟ್ಟಿಯಾದ ಊರೆಗಳ ಮೇಲೆ ಕೂರಿಸಬೇಕು. ಬರಿಯ ಜಾಕಿಯನ್ನು ನಂಬಿ ಅಡಿಗೆ ಹೋಗುವುದು ಪ್ರಾಣಾಪಾಯಕರ. ಮೊದಲು ಗೇರೆಣ್ಣೆಯನ್ನು ಇಳಿಸತಕ್ಕದ್ದು. ಅನಂತರ ಚಕ್ರವನ್ನೂ ಕೆಳಗಿನ ಗುಂಡುಕೀಲನ್ನೂ ಬಿಡಿಸಿ ಹೊರತುಂಡನ್ನು ತೆಗೆಯಬೇಕು.

ಒಳತುಂಡನ್ನು ಹಿಡಿದಿರುವುದು ಬಹುತೇಕ ಕಾರುಗಳಲ್ಲಿ ಸರ್ಕ್ಲಿಪ್ ಎಂಬ ಸಣ್ಣ ಉಕ್ಕಿನ ಬಳೆ. ದಂಡದ ತುದಿಯ ಹಲ್ಲುಗಳ ಬಳಿ ಒಂದು ಗಾಡಿಯಲ್ಲಿ ಕುಳಿತು, ಅದು ಒಳಗಿನ ಗೇರಿಗೆ ಕಚ್ಚಿಕೊಂಡಿರುತ್ತದೆ. ಕೀಲಿನ ಬುಡ ಉಳಿದಿದ್ದರೆ ಎರಡು ಸನ್ನೆಕೋಲುಗಳನ್ನು ಎದುರುಬದುರಾಗಿ ಕೊಟ್ಟು, ಸಮನಾಗಿ, ಥಟ್ಟನೆ ಮೀಟಬೇಕು. ಒಂದೇ ಕಡೆಯಿಂದ ಮೀಟಿದರೆ ದಂಡ ಓರೆಯಾಗಿ ಇನ್ನಷ್ಟು ಬಿಗಿಯುವುದು. ಬಾರದಿದ್ದರೆ ತುಂಡನ್ನು ತುಸು ತಿರುಗಿಸಿ ಮತ್ತೆ ಪ್ರಯತ್ನಿಸಬೇಕು. ಬಳೆಯು ಸ್ಥಾನ ಬದಲಿಸಿದಾಗ ಎಷ್ಟೋ ವೇಳೆ ತಾನಾಗಿಯೇ ಸಡಿಲವಾಗುತ್ತದೆ. ಮೀಟುವಾಗ ಎಣ್ಣೆಯ ಸೀಲನ್ನು ತಾಗಿಸಲಾಗದು. ಪೆಟ್ಟಿಗೆಯ ಕವಚ ಅಲ್ಯೂಮಿನಿಯಮಿನದು. ಸುತ್ತಿಗೆಯ ಒಂದು ದುಡುಕಿನ ಪೆಟ್ಟಿಗೆ ಅದು ಬಿರಿದರೆ, ಅಲ್ಪವ್ಯಯದ ಕೆಲಸ ಬಹುವ್ಯಯದ್ದಾಗುತ್ತದೆ.

ಹಿಡಿಯಲು ಅಂಚೇ ಇಲ್ಲದಂತೆ ಮುರಿದಿದ್ದರೆ, ಆ ತುಂಡಿನ ಮುಖಕ್ಕೆ ನಟ್ಟನ್ನೋ ಸಲಾಕಿಯನ್ನೋ ಬೆಸೆದು, ಜಾರುಸುತ್ತಿಗೆಯನ್ನು ಜೋಡಿಸಿ ಸೆಳೆಯುವುದು ಅನುಭವಿಗಳ ಉಪಾಯ. ಬೆಸೆಯುವ ಮುನ್ನ ಬ್ಯಾಟರಿಯ ಸಂಬಂಧವನ್ನು ಕಡಿಯಬೇಕು. ವಿದ್ಯುತ್ತಿನ ಹಿಂದಿರುಗುವ ತಂತಿಯನ್ನು ಆ ತುಂಡಿಗೇ ಕಚ್ಚಿಸಬೇಕು, ಇಲ್ಲವಾದರೆ ಬೇರಿಂಗುಗಳು ಸುಡುತ್ತವೆ. ಎಣ್ಣೆಯ ಸಮೀಪದ ಕೆಲಸವಾದುದರಿಂದ ಬೆಂಕಿಯಾರಿಸುವ ಸಾಧನವು ಕೈಗೆಟಕುವಂತಿರಬೇಕು. ಎದುರು ಕಡೆಯ ದಂಡವನ್ನು ತೆಗೆದು, ಅಲ್ಲಿಂದ ಉದ್ದವಾದ ಸಲಾಕಿಯಿಂದ ನೂಕುವುದೂ ಉಂಟು. ಆದರೆ ಅನೇಕ ಡಿಫರೆನ್ಷಿಯಲುಗಳಲ್ಲಿ ನಟ್ಟನಡುವೆ ಅಡ್ಡಗಡಾರಿಯೊಂದು ತಡೆಯುತ್ತದೆ. ರಚನೆಯನ್ನರಿಯದೆ ನೂಕಿದರೆ ಕೆಡುವುದು ಒಳಗಿನ ಗೇರೇ. ಎರಡು ದಂಡಗಳೂ ಒಮ್ಮೆಗೆ ಹೊರಬಂದರೆ ಒಳಗಿನ ಪಕ್ಕದ ಗೇರುಗಳು ಸ್ಥಾನ ತಪ್ಪುವ ಸಂಭವವಿರುವುದರಿಂದ, ಒಂದು ಕಡೆ ಹುಸಿದಂಡವನ್ನು ತೂರಿಸಿಡುವುದು ಜಾಣತನ. ಇದಾವುದಕ್ಕೂ ಬಗ್ಗದಿದ್ದರೆ ಪೆಟ್ಟಿಗೆಯನ್ನು ಇಳಿಸಿ ಬಿಚ್ಚುವುದೇ ಮಾರ್ಗ.

ತುಂಡು ಹೊರಬಂದ ಮೇಲೆ ಅದನ್ನು ಹೊಸ ದಂಡದೊಡನೆ ಸರಿಹೋಲಿಸಿ, ಚೂರೇನೂ ಒಳಗುಳಿದಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ಸೀಲೂ ಸರ್ಕ್ಲಿಪ್ಪೂ ಹೊಸವಾಗಿರಲಿ. ದಂಡವನ್ನು ಒಳಗಿಟ್ಟಾಗ ಬಳೆ ಕೂತ ಸದ್ದು ಕೇಳಿಸಬೇಕು, ಎಳೆದರೆ ಬಾರದಿರಬೇಕು. ಕಡೆಯಲ್ಲಿ ಎಣ್ಣೆಯನ್ನು ಅಳತೆಯಂತೆ ತುಂಬುವುದನ್ನು ಮರೆಯತಕ್ಕದ್ದಲ್ಲ.

ನಗರವಾಸಿಗಳಾದ ನಾವು ಈ ಕೆಲಸವನ್ನು ಸ್ವಹಸ್ತದಿಂದ ಮಾಡುವುದು ವಿರಳ. ಆದರೂ ಕಾರ್ಯದ ಮರ್ಮವನ್ನರಿತವನು, ಕಾರ್ಖಾನೆಯ ಬಾಗಿಲಲ್ಲಿ ನಿಂತು ಬೇಗನೆ ಬೇಗನೆ ಎಂದು ಅವಸರಪಡಿಸುವುದಿಲ್ಲ. ಅಡಿಯಲ್ಲಿ ಮಲಗಿರುವ ಕೆಲಸಗಾರನ ಕೈಯ ತಾಳ್ಮೆಗೆ ನಮ್ಮ ಹಣವೂ, ಅವನ ಪ್ರಾಣವೂ, ಮುಂದಿನ ಘಾಟಿಯಲ್ಲಿ ನಮ್ಮವರ ಕ್ಷೇಮವೂ ಅಧೀನವಾಗಿವೆ. ಅರ್ಧ ಗಂಟೆಯ ವಿಳಂಬವು ಇವುಗಳ ಮುಂದೆ ಹೆಚ್ಚಿನದಲ್ಲ.