ವರದಿಯಿಂದ ಊರಿನವರೆಗೆ

ಪರಿಸರ ಸಂವಹನವನ್ನು ವೃತ್ತಿಯಾಗಿ ಆರಿಸಿಕೊಳ್ಳುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಅದು ಕಂಪನಿಗಳಿಗೆ ಹಸಿರು ಬಣ್ಣ ಬಳಿಯುವ ಕೆಲಸವಲ್ಲವೇ ಎಂಬುದು. ಅನುಮಾನ ಆಧಾರವಿಲ್ಲದ್ದೇನಲ್ಲ. ದಾರಿ ತಪ್ಪಿಸುವ ಹಸಿರು ಜಾಹೀರಾತುಗಳನ್ನು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿ ತರಬೇಕಾಯಿತು. ಆದರೆ ಈ ವೃತ್ತಿಯ ನಿಜವಾದ ಅಗತ್ಯವಿರುವುದು ಜಾಹೀರಾತಿನಲ್ಲಲ್ಲ, ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ನಡೆಯುವ ಊರಿನ ಅಹವಾಲು ಸಭೆಯಲ್ಲಿ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮೊದಲೇ ಜನರಿಗೆ ತಿಳಿಸಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಾರಾಂಶ ಮಾತ್ರ! ಅಂತರ್ಜಲದ ಕೋಷ್ಟಕ, ದೂಳಿನ ಅಳತೆ, ಹಳ್ಳದ ನಕ್ಷೆ ಇರುವ ಪೂರ್ತಿ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉಳಿಯುತ್ತದೆ. ತನ್ನ ಬೋರ್‌ವೆಲ್‌ ಗತಿಯೇನು ಎಂದು ಕೇಳಬಂದ ರೈತನಿಗೆ ಉತ್ತರ ಸಿಗುವುದು ಅದರಲ್ಲೇ.

2020ರಲ್ಲಿ ಆ ಅಧಿಸೂಚನೆಯ ಹೊಸ ಕರಡು ಹೊರಬಂದಾಗ, ಅದನ್ನು ಸಂವಿಧಾನದ 8ನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅನುವಾದಿಸಿದರೆ ಸಾಕಲ್ಲವೇ, ಸಂವಹನಕಾರ ಯಾಕೆ ಎನ್ನಬಹುದು. ಸಾಲದು. ಒಂದು ಘನ ಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಕಣ ಎಂಬುದು ಕನ್ನಡದಲ್ಲಿದ್ದರೂ, ಮಗುವಿನ ಕೆಮ್ಮಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಬಿಡಿಸಿ ಹೇಳಲೇಬೇಕು. ಸಂವಹನಕಾರರು ಸಂಬಳ ಕೊಡುವವರ ಪರವಾಗಿಯೇ ಮಾತಾಡುತ್ತಾರೆ ಎಂಬ ಆಕ್ಷೇಪ ಇನ್ನೂ ಗಟ್ಟಿ. ಅದಕ್ಕೆ ಒಳ್ಳೆಯ ಮನಸ್ಸು ಉತ್ತರವಾಗದು. ಹೇಳಿದ ಪ್ರತಿ ಅಂಕಿಯ ಮೂಲವನ್ನೂ, ಯೋಜನೆಯ ನಷ್ಟವನ್ನೂ ಅದೇ ಪುಟದಲ್ಲಿ ಮುದ್ರಿಸುವ ಷರತ್ತನ್ನು ಕೆಲಸಕ್ಕೆ ಸೇರುವ ದಿನವೇ ಬರೆಸಿಕೊಳ್ಳಬೇಕು.